ಮೇಷ್ಟ್ರಿಗೆ ಮೇಷ್ಟ್ರು ಯಾರಿದ್ದರು? ನಾಟಕ, ಸಿನಿಮಾ ಕಲಿಸುವವರ ಹಿನ್ನೆಲೆ ಓದುವ ಬಗೆ

ಪ್ರಶ್ನೆ: ಮೇಡಂ, ನನ್ನ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಕಾಲೇಜಿನಲ್ಲಿ ಮೂರು ವರ್ಷವೂ ನಾಟಕ ಮಾಡಿದಳು. ಈಗ ನಾಟಕ ಅಥವಾ ಸಿನಿಮಾ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾನು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವವನು. ಈ ಲೋಕ ನನಗೆ ಗೊತ್ತಿಲ್ಲ. ಅವಳು ತಂದ ಮೂರು ಸಂಸ್ಥೆಗಳ ಪುಸ್ತಿಕೆ ನೋಡಿದೆ. ಒಂದರಲ್ಲಿ ಧಾರಾವಾಹಿಯಲ್ಲಿ ನೋಡಿದ ಮುಖಗಳೇ ಮೇಷ್ಟ್ರುಗಳು. ಇನ್ನೊಂದರಲ್ಲಿ ಎಲ್ಲರಿಗೂ ಎಂ.ಎ., ಪಿಎಚ್.ಡಿ. ಇದೆ. ಮೂರನೆಯದರಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದವರಂತೆ, ಒಬ್ಬರು ತೋಟದವರಂತೆ, ಇನ್ನೊಬ್ಬರು ಯಕ್ಷಗಾನ ಮೇಳದಿಂದ ಬಂದವರಂತೆ. ಇವರಲ್ಲಿ ಯಾರನ್ನು ನಂಬಬೇಕು? ಕಲಿಸುವವರ ಹಿನ್ನೆಲೆ ಹೇಗಿರಬೇಕು? ಇನ್ನೊಂದು ಮಾತು, ಅವಳು ಓದಿದ ಬಿ.ಕಾಂ. ದಂಡವಾಗುತ್ತಾ?

ಉತ್ತರ: ನೀವು ಕೇಳಿದ್ದು ನನಗೆ ತುಂಬಾ ಸಂತೋಷವಾಯಿತು. ಮಕ್ಕಳನ್ನು ನಾಟಕ ಕಲಿಯಲು ಕಳಿಸುವ ಹೆತ್ತವರು ಸಾಮಾನ್ಯವಾಗಿ ಫೀಸು ಕೇಳುತ್ತಾರೆ, ಹಾಸ್ಟೆಲ್ ಕೇಳುತ್ತಾರೆ, ಕೆಲಸ ಸಿಗುತ್ತಾ ಅಂತ ಕೇಳುತ್ತಾರೆ. ಕಲಿಸುವವರು ಯಾರು ಅಂತ ಕೇಳುವವರು ಕಡಿಮೆ. 24 ವರ್ಷದಿಂದ ನಾಟಕ ಕಲಿಸುತ್ತಿದ್ದೇನೆ. ನನ್ನ ಹಿನ್ನೆಲೆಯ ಬಗ್ಗೆ ಕೂಲಂಕಷವಾಗಿ ವಿಚಾರಿಸಿದ ಹೆತ್ತವರನ್ನು ಬೆರಳಲ್ಲಿ ಎಣಿಸಬಹುದು.

ನಿಮ್ಮ ಅಂಗಡಿಯಿಂದಲೇ ಶುರು ಮಾಡೋಣ. ನಿಮ್ಮಲ್ಲಿಗೆ ಬರುವ ಗಿರಾಕಿ "ಒಳ್ಳೆ ಬಡಗಿ ಯಾರಿದ್ದಾರೆ?" ಅಂತ ಕೇಳಿದರೆ ನೀವು ಏನು ಹೇಳುತ್ತೀರಿ? ಸರ್ಟಿಫಿಕೇಟಿನ ಸುದ್ದಿ ಬಹುಶಃ ಎತ್ತುವುದಿಲ್ಲ. "ಇವನು ಇಂಥವರ ಕೈಕೆಳಗೆ ಎಂಟು ವರ್ಷ ಇದ್ದ, ಈಗ ತನ್ನದೇ ಕೆಲಸ ಮಾಡುತ್ತಿದ್ದಾನೆ, ಇಂಥ ಮನೆಯ ಬಾಗಿಲು ನೋಡಿ ಬನ್ನಿ" ಅನ್ನುತ್ತೀರಿ, ಅಲ್ವಾ? ನಾಟಕ, ಸಿನಿಮಾ ಕಲಿಸುವವರನ್ನೂ ಹಾಗೇ ನೋಡಿ. ಪುಸ್ತಿಕೆಯಲ್ಲಿ ನಾನು ಮೊದಲು ಹುಡುಕುವುದು ಒಂದೇ ವಿಷಯ. ಈ ಮನುಷ್ಯ ಯಾರ ಮುಂದೆ ಕೂತು ತಿದ್ದಿಸಿಕೊಂಡಿದ್ದಾರೆ? ಎಷ್ಟು ವರ್ಷ? ಪದವಿ, ಪ್ರಶಸ್ತಿ, ಹೆಸರು ಎಲ್ಲ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ನಟನೆಯಲ್ಲಿ ನಮ್ಮ ತಪ್ಪು ನಮಗೇ ಕಾಣುವುದಿಲ್ಲ. ಚಿತ್ರ ಬರೆಯುವವನು ಎರಡು ಹೆಜ್ಜೆ ಹಿಂದೆ ನಿಂತು ತನ್ನ ಚಿತ್ರ ನೋಡಬಹುದು. ನಟಿ ತನ್ನಿಂದ ಎರಡು ಹೆಜ್ಜೆ ಹಿಂದೆ ಹೋಗಲಾರಳು. ಹಾಗಾಗಿ ಹೊರಗಿನಿಂದ ಒಬ್ಬರು ನೋಡಿ ಹೇಳಲೇಬೇಕು. ಮಾತಿನ ಕೊನೆ ನುಂಗುತ್ತೀಯ, ಭುಜ ಬಿಗಿ ಮಾಡುತ್ತೀಯ, ಎದುರಿನವರ ಮಾತು ಕೇಳಿಸಿಕೊಳ್ಳದೆ ನಿನ್ನ ಸರದಿಗೆ ಕಾಯುತ್ತೀಯ ಅಂತ. ಇದನ್ನು ಹೇಳುವುದಕ್ಕೂ ಒಂದು ಹದ ಬೇಕು. ತಾವು ಹಾಗೆ ಹೇಳಿಸಿಕೊಂಡವರಿಗೆ ಮಾತ್ರ ಆ ಹದ ಬರುತ್ತದೆ. ಯಾವ ಮಾತು ಯಾವ ದಿನ ಹೇಳಬೇಕು, ಯಾವುದನ್ನು ಇನ್ನೂ ಒಂದು ವಾರ ತಡೆಯಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ.

ನನ್ನ ವಿಷಯವನ್ನೇ ಹೇಳಿಬಿಡುತ್ತೇನೆ. ಒಂದು ಹವ್ಯಾಸಿ ತಂಡಕ್ಕೆ ಸೇರಿದಾಗ ಮೊದಲ ಎರಡು ವರ್ಷ ನನಗೆ ಪಾತ್ರ ಸಿಗಲಿಲ್ಲ. ಸೈಡ್ ವಿಂಗ್‌ನಲ್ಲಿ ನಿಂತು ಪ್ರಾಂಪ್ಟ್ ಮಾಡುವ ಕೆಲಸ. ನಟರು ಮಾತು ಮರೆತರೆ ಮೆಲ್ಲಗೆ ಹೇಳಿಕೊಡಬೇಕು. ಒಂದು ಸಲ ಮೌನವನ್ನು ಮರೆವು ಅಂದುಕೊಂಡು ಬೇಗ ಮಾತು ಕೊಟ್ಟುಬಿಟ್ಟೆ. ಅದು ಆ ನಟಿ ಬೇಕೆಂದೇ ಇಟ್ಟ ಮೌನ. ದೃಶ್ಯ ಒಡೆದುಹೋಯಿತು. ಅವತ್ತು ರಾತ್ರಿ ನಮ್ಮ ನಿರ್ದೇಶಕರು ಬೈಯಲಿಲ್ಲ. "ನಾಳೆಯಿಂದ ಪುಸ್ತಕ ಮುಚ್ಚಿ ಅವರ ಉಸಿರು ನೋಡು" ಅಂದರು. ಒಂದು ತಿಂಗಳು ಉಸಿರು ನೋಡಿದೆ. ಈಗಲೂ ನನ್ನ ತರಗತಿಯಲ್ಲಿ ಹೊಸ ಮಕ್ಕಳಿಗೆ ಮೊದಲ ತಿಂಗಳು ಅದನ್ನೇ ಮಾಡಿಸುತ್ತೇನೆ. ನನ್ನ ಪರಿಚಯದಲ್ಲಿ ಬಿ.ಎ. ಅಂತ ಇರುತ್ತದೆ, ಡಿಪ್ಲೊಮಾ ಅಂತ ಇರುತ್ತದೆ. ಆ ಒಂದು ತಿಂಗಳು ಎಲ್ಲೂ ಇರುವುದಿಲ್ಲ. ನನ್ನ ಅರ್ಧ ವಿದ್ಯೆ ಬಂದದ್ದು ಅಲ್ಲಿಂದ.

ನಮ್ಮಲ್ಲಿ ದೊಡ್ಡ ಶಿಕ್ಷಕರಾದವರ ಬದುಕು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬಿ.ವಿ. ಕಾರಂತರನ್ನು ತೆಗೆದುಕೊಳ್ಳಿ. ಬಂಟ್ವಾಳದ ಕಡೆಯ ಮಂಚಿಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಹೋಗಿ ಗುಬ್ಬಿ ನಾಟಕ ಕಂಪನಿ ಸೇರಿದರು. ಕಂಪನಿ ಅಂದರೆ ಆಗ ಶಾಲೆಯೂ ಹೌದು, ಮನೆಯೂ ಹೌದು. ಹಾಡು, ಮಾತು, ಪರದೆ, ಬಣ್ಣ ಎಲ್ಲ ಅಲ್ಲೇ. ಅವರನ್ನು ಎಂ.ಎ. ಓದಲು ಬನಾರಸಿಗೆ ಕಳಿಸಿದವರು ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರೇ. ಕಾರಂತರು ಅಲ್ಲಿ ಹಿಂದಿ ಓದಿದರು. ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಂದರು. ಆಮೇಲೆ ಏನು ಮಾಡಿದರು ಅನ್ನುವುದನ್ನು ಹೆಚ್ಚಿನವರು ಮರೆತುಬಿಡುತ್ತಾರೆ. 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರಾಗಿದ್ದರು. 1977ರಲ್ಲಿ ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. ಅದಾದ ಮೇಲೆ ಭೋಪಾಲದ ಭಾರತ ಭವನದ ನಾಟಕ ತಂಡವಾದ ರಂಗಮಂಡಲ. 1989ರಲ್ಲಿ ಮೈಸೂರಿನ ರಂಗಾಯಣ.

ಈ ಹಾದಿಯಲ್ಲಿ ಅವರಿಗೆ ಎಷ್ಟು ಜನ ಗುರುಗಳು ಸಿಕ್ಕಿದರು ಎಣಿಸಿ ನೋಡಿ. ಕಂಪನಿಯ ಹಿರಿಯ ನಟರು, ಸಂಗೀತದ ಗುರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ನಾಟಕ ಶಾಲೆಯವರು. ಕೊನೆಗೆ ಶಾಲೆಯ ಮಕ್ಕಳು. ಮಕ್ಕಳನ್ನೂ ನಾನು ಗುರುಗಳ ಸಾಲಿಗೇ ಸೇರಿಸುತ್ತೇನೆ. ಹತ್ತು ವರ್ಷದ ಮಗುವಿಗೆ ಬೇಜಾರಾದರೆ ಮುಖ ನೋಡಿದರೇ ಗೊತ್ತಾಗುತ್ತದೆ. ಅದು ಮರ್ಯಾದೆಗೆ ಕೂತಿರುವುದಿಲ್ಲ. ಯಾವುದೇ ನಾಟಕ ಶಿಕ್ಷಕರ ಪರಿಚಯದಲ್ಲಿ "ಮಕ್ಕಳ ಜೊತೆ ಮೂರು ವರ್ಷ ಕೆಲಸ" ಅಂತ ಕಂಡರೆ ನನಗೆ ಅವರ ಮೇಲೆ ನಂಬಿಕೆ ಜಾಸ್ತಿಯಾಗುತ್ತದೆ.

ಈಗ ನಿಮ್ಮ ಮೂರನೆಯ ಪುಸ್ತಿಕೆಗೆ ಬರೋಣ. ಬ್ಯಾಂಕು, ತೋಟ, ಮೇಳ. ಇದನ್ನು ನೋಡಿ ನಿಮಗೆ ಅನುಮಾನ ಬಂದಿದೆ ಅನ್ನಿಸುತ್ತದೆ. ಅನುಮಾನ ಪಡಬೇಡಿ. ಕನ್ನಡ ರಂಗಭೂಮಿ ಬೆಳೆದದ್ದೇ ಹೀಗೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು. ಮೈಸೂರಿನಲ್ಲಿ ಸಾಹಿತ್ಯ ಓದಿ ಊರಿಗೆ ವಾಪಸು ಬಂದವರು. ಪುಸ್ತಕ ಪ್ರಕಟಿಸಿದರು, ಅನುವಾದ ಮಾಡಿದರು, ಹಳ್ಳಿಯ ಜನರಿಗೆ ಜಗತ್ತಿನ ಒಳ್ಳೊಳ್ಳೆ ಸಿನಿಮಾ ತೋರಿಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಯಾವ ನಾಟಕ ಶಾಲೆಯಲ್ಲೂ ಓದಿದವರಲ್ಲ. ಆದರೆ 1980ರಲ್ಲಿ ಹೆಗ್ಗೋಡಿನಲ್ಲೇ ರಂಗಶಿಕ್ಷಣ ಕೇಂದ್ರ ಶುರುವಾದಾಗ, ದಿನವೂ ತರಗತಿ ತೆಗೆದುಕೊಳ್ಳಲು ಕ್ರಮವಾಗಿ ಕಲಿತವರು ಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಬಹುಕಾಲ ಪ್ರಾಂಶುಪಾಲರಾಗಿದ್ದ ಚಿದಂಬರರಾವ್ ಜಂಬೆ ರಾಷ್ಟ್ರೀಯ ನಾಟಕ ಶಾಲೆಯ ಪದವೀಧರರು. ಸುಬ್ಬಣ್ಣನವರ ಮಗ ಕೆ.ವಿ. ಅಕ್ಷರ ಅದೇ ಶಾಲೆಯಲ್ಲಿ ಕಲಿತು, ಆಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದಿ ಬಂದರು. ಅಂದರೆ ಒಂದೇ ಅಂಗಳದಲ್ಲಿ ತೋಟದ ಬದುಕು, ಸಾಹಿತ್ಯದ ಓದು, ದೆಹಲಿಯ ಶಿಸ್ತು, ಹೊರದೇಶದ ಅನುಭವ ಎಲ್ಲ ಸೇರಿತು. ಯಾವ ಸಂಸ್ಥೆಯಲ್ಲಿ ಹೀಗೆ ಬೇರೆಬೇರೆ ದಾರಿಯಿಂದ ಬಂದವರು ಒಟ್ಟಿಗೆ ಊಟ ಮಾಡುತ್ತಾರೋ, ಅಲ್ಲಿ ಕಲಿಯುವವರಿಗೆ ಲಾಭ. ಎಲ್ಲರೂ ಒಂದೇ ಕಡೆ ಕಲಿತಿದ್ದರೆ ಎಲ್ಲರೂ ಒಂದೇ ತಪ್ಪನ್ನು ತಪ್ಪು ಅನ್ನುತ್ತಾರೆ.

ಮೇಳದವರ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಹೆತ್ತವರು ಇವರನ್ನೇ ಕಡಿಮೆ ಅಂದಾಜು ಮಾಡುವುದು. ಯಕ್ಷಗಾನದ ಕಲಾವಿದರ ಪರಿಚಯದಲ್ಲಿ ಓದಿನ ಸಾಲು ಚಿಕ್ಕದಿರುತ್ತದೆ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಗಳಾದ ಬನ್ನಂಜೆ ಸಂಜೀವ ಸುವರ್ಣರು ಶಾಲೆಯಲ್ಲಿ ಓದಿದ್ದು ತೀರಾ ಕಡಿಮೆ. ಆದರೆ ನಾಟಕ ಶಾಲೆಯ ವಿದ್ಯಾರ್ಥಿಗಳೂ ಅವರ ಬಳಿ ಹೆಜ್ಜೆ ಕಲಿತಿದ್ದಾರೆ. ರಾತ್ರಿಯಿಡೀ ಆಡುವ ಮೇಳದಲ್ಲಿ ಹುಡುಗನೊಬ್ಬ ಬಾಲಗೋಪಾಲ ವೇಷದಿಂದ ಶುರು ಮಾಡುತ್ತಾನೆ. ಹಿರಿಯರ ವೇಷ ನೋಡುತ್ತಾ, ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ಅರೆಯುತ್ತಾ, ಭಾಗವತರ ಕಣ್ಣಿನ ಸನ್ನೆಗೆ ಕುಣಿಯುತ್ತಾ ದೊಡ್ಡ ವೇಷಕ್ಕೆ ಬರಬೇಕು. ಅಷ್ಟು ವರ್ಷವೂ ತಿದ್ದಿಸಿಕೊಳ್ಳುವ ಕಾಲವೇ. ಇನ್ನೊಂದು ವಿಷಯ ಇದೆ. ಮಾತು ಅವರಿಗೆ ಬರೆದುಕೊಟ್ಟದ್ದಲ್ಲ. ಪದ್ಯ ಕೇಳಿ, ಅಲ್ಲೇ ಅರ್ಥ ಕಟ್ಟಿ ಹೇಳಬೇಕು. ಎದುರಿನ ಪಾತ್ರಧಾರಿ ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ನಿಮ್ಮ ಮಗಳಿಗೆ ರಂಗದ ಮೇಲೆ ಕಿವಿ ತೆರೆದಿಡುವುದು ಹೇಗೆ ಅಂತ ಇವರಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಇಂಥವರ ಸಾಲಿನಲ್ಲಿ ಪದವಿ ಹುಡುಕಬೇಡಿ. ಯಾವ ಮೇಳ, ಯಾವ ಗುರು, ಎಷ್ಟು ತಿರುಗಾಟ ಅಂತ ಕೇಳಿ.

ಎರಡನೆಯ ಪುಸ್ತಿಕೆಯ ಎಂ.ಎ., ಪಿಎಚ್.ಡಿ.ಗಳ ಕಥೆ ಬೇರೆ. ಅದು ವಿಶ್ವವಿದ್ಯಾಲಯದ ವಿಭಾಗ ಇರಬೇಕು. ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅನ್ನುವ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಬೇಕು. ಇದು ಮಾಮೂಲು ದಾರಿ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ನಾಟಕಕ್ಕೆ ಇನ್ನೊಂದು ಬಾಗಿಲೂ ಇದೆ. ರಾಷ್ಟ್ರೀಯ ನಾಟಕ ಶಾಲೆಯಂಥ ಕಡೆ ಚೆನ್ನಾಗಿ ಕಲಿತು, ಐದು ವರ್ಷ ರಂಗದ ಮೇಲೆ ಒಳ್ಳೆ ಕೆಲಸ ಮಾಡಿ ತೋರಿಸಿದ ಕಲಾವಿದರೂ ಬರಬಹುದು. ತಾವು ಮಾಡುವುದನ್ನು ಕಾರಣ ಕೊಟ್ಟು ವಿವರಿಸುವ ಶಕ್ತಿ ಅವರಿಗೆ ಇರಬೇಕು ಅಂತಲೂ ನಿಯಮ ಹೇಳುತ್ತದೆ. ಆ ಕೊನೆಯ ಮಾತು ನನಗೆ ತುಂಬಾ ಇಷ್ಟ. 2022ರಲ್ಲಿ ಯುಜಿಸಿ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅನ್ನುವ ಇನ್ನೊಂದು ವ್ಯವಸ್ಥೆ ತಂದಿತು. ತಮ್ಮ ವೃತ್ತಿಯಲ್ಲಿ ಕನಿಷ್ಠ 15 ವರ್ಷ ಪಳಗಿದವರನ್ನು ಪದವಿ ಇಲ್ಲದಿದ್ದರೂ ಕಲಿಸಲು ಕರೆಯಬಹುದು. ಮಂಜೂರಾದ ಹುದ್ದೆಗಳ ಶೇ. 10ಕ್ಕಿಂತ ಹೆಚ್ಚು ಇಂಥವರು ಇರುವಂತಿಲ್ಲ. ಒಬ್ಬರು ಒಟ್ಟು ನಾಲ್ಕು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ.

ಪಿಎಚ್.ಡಿ. ಅಂದರೆ ಏನೋ ಒಣ ಓದು ಅಂತ ನಮ್ಮ ರಂಗದವರೇ ಕೆಲವರು ಹಗುರವಾಗಿ ಮಾತಾಡುತ್ತಾರೆ. ನಾನು ಒಪ್ಪುವುದಿಲ್ಲ. ನಾಟಕದ ಚರಿತ್ರೆ, ಪಠ್ಯ ಓದುವ ಕ್ರಮ, ಒಂದು ದೃಶ್ಯವನ್ನು ಬಿಡಿಸಿ ನೋಡುವ ಬಗೆ ಕಲಿಸಲು ಓದಿದವರೇ ಬೇಕು. ಆದರೆ ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವವರು ಕಳೆದ ಐದು ವರ್ಷದಲ್ಲಿ ಯಾವ ನಾಟಕದಲ್ಲಿ ಏನು ಮಾಡಿದ್ದಾರೆ ಅಂತ ಕೇಳಿ. ಬೆಳಕು ಮಾಡಿದರೋ, ನಿರ್ದೇಶನ ಮಾಡಿದರೋ, ಒಂದು ಸಣ್ಣ ಪಾತ್ರವನ್ನೇ ಮಾಡಿದರೋ. ಹತ್ತು ವರ್ಷ ರಂಗಕ್ಕೆ ಕಾಲಿಡದವರು ನಟನೆ ಕಲಿಸಿದರೆ ಅವರ ಮಾತು ನಿಧಾನವಾಗಿ ಹಳಸಿಹೋಗುತ್ತದೆ. ನೋವಿನಿಂದ ಹೇಳುತ್ತಿದ್ದೇನೆ, ಇದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ಮೊದಲ ಪುಸ್ತಿಕೆ. ಗೊತ್ತಿರುವ ಮುಖಗಳು. ಇದರಲ್ಲಿ ಎಚ್ಚರಿಕೆ ಬೇಕು. ತುಂಬಾ ಹಿಂದೆ ನಾನೊಂದು ಹತ್ತು ದಿನದ ಶಿಬಿರಕ್ಕೆ ಹೋಗಿದ್ದೆ. ಆಗ ನನ್ನ ಸಂಬಳದ ಎರಡು ತಿಂಗಳ ಹಣ ಅದಕ್ಕೆ ಹೋಯಿತು. ಕಲಿಸಲು ಬಂದವರು ಹೆಸರಾಂತ ನಟರು. ಒಳ್ಳೆಯ ಮನುಷ್ಯರು, ದೊಡ್ಡ ನಟರು. ಹತ್ತು ದಿನವೂ ತಮ್ಮ ಶೂಟಿಂಗಿನ ಕಥೆ ಹೇಳಿದರು. ನಾವು ಮಾಡಿ ತೋರಿಸಿದರೆ "ಇನ್ನೂ ಫೀಲ್ ಬೇಕು" ಅನ್ನುತ್ತಿದ್ದರು. ಫೀಲ್ ಎಲ್ಲಿಂದ ತರಬೇಕು ಅಂತ ಹೇಳಲು ಅವರಿಗೆ ಆಗುತ್ತಿರಲಿಲ್ಲ. ಅವರಿಗೆ ಅದು ಸಹಜವಾಗಿ ಬಂದಿತ್ತು. ಸಹಜವಾಗಿ ಬಂದದ್ದನ್ನು ಬಿಡಿಸಿ ಹೇಳುವುದು ಎಲ್ಲರಿಗೂ ಆಗುವುದಿಲ್ಲ. ಮನೆಗೆ ಬಂದು ತುಂಬಾ ಅತ್ತೆ. ನನಗೇ ಪ್ರತಿಭೆ ಇಲ್ಲ ಅಂದುಕೊಂಡೆ. ಕಲಿಸಲು ಬರದ ಕಡೆ ಕಲಿಯಲು ಹೋಗಿದ್ದೆ ಅಂತ ಗೊತ್ತಾಗಲು ವರ್ಷಗಳು ಬೇಕಾದವು. ನಿಮ್ಮ ಮಗಳಿಗೆ ಹಾಗಾಗಬಾರದು.

ಇದಕ್ಕೆ ಎದುರಾಗಿ ರೋಶನ್ ತನೇಜಾ ಅವರನ್ನು ನೋಡಿ. ನ್ಯೂಯಾರ್ಕಿನ ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ನಟನೆಯ ಮೇಷ್ಟ್ರು ಸ್ಯಾನ್‌ಫರ್ಡ್ ಮೈಸ್ನರ್ ಅವರ ಬಳಿ ಕಲಿತು ಬಂದವರು. 1960ರ ದಶಕದಿಂದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ನಟನೆಯ ವಿಭಾಗ ನಡೆಸಿದರು. ನಟರಾಗಿ ಅವರನ್ನು ನೆನೆಯುವವರು ಕಡಿಮೆ. ಆದರೆ ಜಯಾ ಭಾದುರಿ, ಶಬಾನಾ ಆಜ್ಮಿ, ನಾಸಿರುದ್ದೀನ್ ಶಾ ಅವರ ವಿದ್ಯಾರ್ಥಿಗಳು. ಹಾಗಂತ ಹೆಸರಾಂತ ನಟರು ಕಲಿಸಲಾರರು ಅಂತ ನಾನು ಹೇಳುತ್ತಿಲ್ಲ. ಬಿ. ಜಯಶ್ರೀ ಅವರಂಥವರು ಇದ್ದಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು. ಕಂಪನಿಯ ಗಾಳಿ ಕುಡಿದು ಬೆಳೆದು, ರಾಷ್ಟ್ರೀಯ ನಾಟಕ ಶಾಲೆಯಲ್ಲೂ ಕಲಿತು, 'ಸ್ಪಂದನ' ತಂಡ ಕಟ್ಟಿದವರು. ಅವರ ಕಂಠ ಎಲ್ಲರಿಗೂ ಗೊತ್ತು. ಆ ಕಂಠದ ಹಿಂದೆ ಎಷ್ಟು ವರ್ಷದ ಅಭ್ಯಾಸ ಇದೆ ಅನ್ನುವುದನ್ನು ನೋಡಿ. ಹೆಸರಿನ ಹಿಂದೆ ಅಂಥ ಅಭ್ಯಾಸ ಕಂಡರೆ ಧೈರ್ಯವಾಗಿ ಕಳಿಸಿ. ಬರೀ ಹೆಸರು ಕಂಡರೆ ಯೋಚಿಸಿ.

ಇನ್ನೊಂದು ಮಾತು ಗಮನಿಸಿ. ಪುಸ್ತಿಕೆಯಲ್ಲಿ ಫೋಟೊ ಇದೆ ಅಂದ ಮಾತ್ರಕ್ಕೆ ಅವರು ದಿನಾ ಬರುತ್ತಾರೆ ಅಂತಲ್ಲ. ವರ್ಷಕ್ಕೊಂದು ಮಧ್ಯಾಹ್ನ ಬಂದು ಹೋಗುವವರ ಫೋಟೊ ದೊಡ್ಡದಾಗಿರುತ್ತದೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಉಸಿರಿನ ಅಭ್ಯಾಸ ಮಾಡಿಸುವವರ ಫೋಟೊ ಇರುವುದೇ ಇಲ್ಲ. ಅತಿಥಿಗಳು ಬರಬೇಕು, ಒಳ್ಳೆಯದೇ. ಒಳ್ಳೊಳ್ಳೆ ರಂಗಶಾಲೆಗಳೂ ನಾಟಕ ಮಾಡಿಸಲು ಹೊರಗಿನ ನಿರ್ದೇಶಕರನ್ನು ಕರೆಸುತ್ತವೆ. ಆದರೆ ಮಗುವಿನ ಬೆಳವಣಿಗೆ ವರ್ಷವಿಡೀ ನೋಡುವವರು ಒಬ್ಬರಾದರೂ ಅಲ್ಲೇ ಇರಬೇಕು. "ವೇಳಾಪಟ್ಟಿ ಕೊಡಿ, ಯಾವ ತರಗತಿ ಯಾರದು?" ಅಂತ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ಸಿನಿಮಾದ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಒಬ್ಬರೇ ಎಲ್ಲವನ್ನೂ ಕಲಿಸಲು ಆಗುವುದಿಲ್ಲ. ಕ್ಯಾಮೆರಾ, ಧ್ವನಿ, ಸಂಕಲನ ಒಂದೊಂದಕ್ಕೂ ಒಬ್ಬೊಬ್ಬರು ಬೇಕು. ಈ ತಾಂತ್ರಿಕ ಕಲಿಕೆಗೆ ನಮ್ಮ ಬೆಂಗಳೂರಿನಲ್ಲಿ ಹಳೆಯ ಪರಂಪರೆಯೇ ಇದೆ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಿಂದ ವಿ.ಕೆ. ಮೂರ್ತಿ 1946ರಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ ಮುಗಿಸಿ ಹೊರಬಂದರು. ಗುರುದತ್ ಅವರ ಸಿನಿಮಾಗಳ ಬೆಳಕು ಮೂರ್ತಿಯವರದು. 1962ರಲ್ಲಿ ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕಲಿತು ಹೊರಬಂದದ್ದೂ ಅದೇ ಪಾಲಿಟೆಕ್ನಿಕ್‌ನಿಂದ. ಕ್ಯಾಮೆರಾ, ಸಂಕಲನ ಕಲಿಸುವವರು ಈಗಲೂ ಕೆಲಸದಲ್ಲಿ ಇರಲೇಬೇಕು. ಯಂತ್ರಗಳು ಬೇಗ ಬದಲಾಗುತ್ತವೆ. ಅವರು ಕೆಲಸ ಮಾಡಿದ ಚಿತ್ರ ಯಾವುದು ಅಂತ ಕೇಳಿ, ಆ ಚಿತ್ರದ ಟೈಟಲ್ ಕಾರ್ಡಿನಲ್ಲಿ ಹೆಸರು ಇದೆಯಾ ನೋಡಿ. "ಇಪ್ಪತ್ತು ಸಿನಿಮಾ ಅನುಭವ" ಅಂತ ಬರೆದಿದ್ದರೆ ಅದರಲ್ಲಿ ಎಷ್ಟರಲ್ಲಿ ಸಹಾಯಕ, ಎಷ್ಟರಲ್ಲಿ ಮುಖ್ಯಸ್ಥ ಅಂತಲೂ ಕೇಳಿ. ಸಹಾಯಕರಾಗಿದ್ದೆ ಅನ್ನಲು ನಾಚಿಕೆ ಪಡುವವರಿಗಿಂತ, ಆ ದಿನಗಳನ್ನು ಪ್ರೀತಿಯಿಂದ ಹೇಳುವವರು ಒಳ್ಳೆ ಮೇಷ್ಟ್ರು.

ಸಿನಿಮಾ ನೋಡುವುದನ್ನು ಕಲಿಸುವವರು ಮಾತ್ರ ಎಲ್ಲಿಂದ ಬೇಕಾದರೂ ಬರಬಹುದು. ಪುಣೆಯಲ್ಲಿ ಒಂದು ತಲೆಮಾರಿಗೇ ಸಿನಿಮಾ ಆಸ್ವಾದನೆ ಕಲಿಸಿದ ಸತೀಶ್ ಬಹಾದ್ದೂರ್ ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದರು. ಅಲ್ಲೊಂದು ಫಿಲ್ಮ್ ಸೊಸೈಟಿ ನಡೆಸುತ್ತಾ ನಡೆಸುತ್ತಾ ಸಿನಿಮಾ ಮೇಷ್ಟ್ರಾದರು. ಹೆಗ್ಗೋಡಿಗೂ ಬಂದು ಶಿಬಿರ ನಡೆಸಿದರು. ಗಿರೀಶ್ ಕಾರ್ನಾಡರು ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದವರು. ಆಕ್ಸ್‌ಫರ್ಡಿಗೆ ಹೋಗಿ ಬಂದು, ಮದ್ರಾಸಿನಲ್ಲಿ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, 1974ರಲ್ಲಿ ಪುಣೆಯ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾದರು. ಗಿರೀಶ್ ಕಾಸರವಳ್ಳಿ ಓದಿದ್ದು ಫಾರ್ಮಸಿ. ಸುಬ್ಬಣ್ಣನವರು ಅವರಿಗೆ ಸೋದರಮಾವ. ಔಷಧದ ದಾರಿ ಬಿಟ್ಟು ಪುಣೆಗೆ ಹೋದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ಎರಡೇ ವರ್ಷಕ್ಕೆ 'ಘಟಶ್ರಾದ್ಧ' ಸಿನಿಮಾ ಮಾಡಿದರು. ಹಿಂದಿನ ಓದು ಇವರಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ.

ಬಂಗಾಳಿ ಸಿನಿಮಾ ನಿರ್ದೇಶಕ ಋತ್ವಿಕ್ ಘಟಕ್ ಅವರನ್ನೂ ನೆನೆಯಬೇಕು. 1960ರ ದಶಕದಲ್ಲಿ ಸ್ವಲ್ಪ ಕಾಲ ಮಾತ್ರ ಪುಣೆಯಲ್ಲಿ ಕಲಿಸಿದರು. ಬಂಗಾಳದಲ್ಲಿ ಜನನಾಟ್ಯ ಸಂಘದ ನಾಟಕಗಳಲ್ಲಿ ಬೆಳೆದು ಸಿನಿಮಾಕ್ಕೆ ಬಂದವರು. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಅವರ ವಿದ್ಯಾರ್ಥಿಗಳು. ಈ ಮೂವರ ಸಿನಿಮಾಗಳು ಒಂದರಂತೆ ಇನ್ನೊಂದಿಲ್ಲ, ಮೇಷ್ಟ್ರ ಸಿನಿಮಾದಂತೆಯೂ ಇಲ್ಲ. ನಿಮಗೆ ಪರೀಕ್ಷೆ ಮಾಡಲು ಇದೊಂದು ಒಳ್ಳೆ ದಾರಿ. ಆ ಸಂಸ್ಥೆಯ ವಿದ್ಯಾರ್ಥಿಗಳ ನಾಟಕ ಅಥವಾ ಕಿರುಚಿತ್ರ ಮೂರು ನಾಲ್ಕು ನೋಡಿ. ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರೆ, ಒಂದೇ ಥರ ಕೈ ಎತ್ತುತ್ತಿದ್ದರೆ, ಮೇಷ್ಟ್ರು ತಮ್ಮ ನೆರಳನ್ನೇ ಹಂಚಿದ್ದಾರೆ ಅಂತ ಅರ್ಥ.

ಹಿನ್ನೆಲೆ ಅನ್ನುವ ಮಾತಿನೊಳಗೆ ನಡತೆಯೂ ಸೇರುತ್ತದೆ. ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಾಟಕದ ತರಗತಿಯಲ್ಲಿ ಮೈ ಮುಟ್ಟಿ ತಿದ್ದುವುದು ಇರುತ್ತದೆ, ತಾಲೀಮು ರಾತ್ರಿಯವರೆಗೂ ನಡೆಯುತ್ತದೆ, ಅಳುವ ದೃಶ್ಯ ಇರುತ್ತದೆ. ನಂಬಿಕೆ ಇಲ್ಲದೆ ಇದು ನಡೆಯುವುದಿಲ್ಲ. ಅದಕ್ಕೇ ಆ ನಂಬಿಕೆಯನ್ನು ಯಾರೂ ದುರುಪಯೋಗ ಮಾಡದಂತೆ ಕಾವಲು ಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ನೇರವಾಗಿ ಕೇಳಿ. ಒಳ್ಳೆ ಸಂಸ್ಥೆಯವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹಿಂದಿನ ಬ್ಯಾಚಿನ ಇಬ್ಬರು ಹುಡುಗಿಯರ ಜೊತೆ ನಿಮ್ಮ ಮಗಳು ಒಬ್ಬಳೇ ಕೂತು ಮಾತಾಡಲಿ. ನೀವು ಆಚೆ ಇರಿ. ಬೈಗುಳವನ್ನೇ ಶಿಸ್ತು ಅನ್ನುವ, ಅವಮಾನವನ್ನೇ ಪಾಠ ಅನ್ನುವ ಮೇಷ್ಟ್ರುಗಳೂ ನಮ್ಮಲ್ಲಿ ಇದ್ದಾರೆ. ಎಷ್ಟೇ ದೊಡ್ಡ ಹೆಸರಿದ್ದರೂ ಅಂಥವರ ಹತ್ತಿರ ಕಳಿಸಬೇಡಿ.

ಹಾಗಾದರೆ ನೀವು ಏನು ಮಾಡಬೇಕು? ಅಂಗಡಿಗೆ ಒಂದು ದಿನ ರಜೆ ಹಾಕಿ. ಮಗಳನ್ನು ಕರೆದುಕೊಂಡು ಹೋಗಿ ತಾಲೀಮು ನೋಡಿ. ಆಫೀಸಿನಲ್ಲಿ ಕೂತು ಮಾತಾಡಿದರೆ ಏನೂ ತಿಳಿಯುವುದಿಲ್ಲ. ತಾಲೀಮಿನ ಹಾಲಿನ ಮೂಲೆಯಲ್ಲಿ ಒಂದು ಗಂಟೆ ಕೂತರೆ ಸಾಕು. ಮೇಷ್ಟ್ರು ಎಷ್ಟು ಹೊತ್ತು ಮಾತಾಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಅಂತ ಗಮನಿಸಿ. ಸರಿಯಾಗಿ ಮಾಡದ ಹುಡುಗನಿಗೆ ತಾವೇ ಮಾಡಿ ತೋರಿಸಿ "ಹೀಗೆ ಮಾಡು" ಅನ್ನುತ್ತಾರೋ, ಅವನೇ ಕಂಡುಕೊಳ್ಳುವ ಹಾಗೆ ಒಂದು ಪ್ರಶ್ನೆ ಕೇಳುತ್ತಾರೋ ನೋಡಿ. ತಾಲೀಮು ಮುಗಿದ ಮೇಲೆ ಹಾಲು ಗುಡಿಸುವವರು ಯಾರು ಅಂತಲೂ ನೋಡಿ. ಆಮೇಲೆ ಟೀ ಕುಡಿಯುವಾಗ ಮೇಷ್ಟ್ರನ್ನು ಕೇಳಿ: "ನಿಮಗೆ ಕಲಿಸಿದವರು ಯಾರು ಸರ್? ಅವರು ನಿಮಗೆ ಯಾವ ವಿಷಯದಲ್ಲಿ ಜಾಸ್ತಿ ತಿದ್ದಿದರು?" ಇಷ್ಟು ಕೇಳಿದರೆ ಸಾಕು. ಒಳ್ಳೆ ಮೇಷ್ಟ್ರಾದರೆ ಮುಖ ಅರಳುತ್ತದೆ, ಅರ್ಧ ಗಂಟೆ ತಮ್ಮ ಗುರುಗಳ ಬಗ್ಗೆಯೇ ಮಾತಾಡುತ್ತಾರೆ.

ಎಲ್ಲಿಗೆ ಸೇರಿಸಬೇಕು ಅಂತ ನೀವು ಕೇಳಲಿಲ್ಲ, ಆದರೂ ಒಂದು ಮಾತು. ದೆಹಲಿಯ ನಾಟಕ ಶಾಲೆಯದು ಮೂರು ವರ್ಷದ ಕೋರ್ಸು, ಅದರ ಬೆಂಗಳೂರು ಕೇಂದ್ರದ್ದು ಒಂದು ವರ್ಷದ್ದು. ನೀನಾಸಂನದು ಹತ್ತು ತಿಂಗಳು, ಅಲ್ಲೇ ಇದ್ದು ಕಲಿಯಬೇಕು. ನಿಮಗೆ ಹತ್ತಿರದಲ್ಲೇ, ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ಅಲ್ಲಿನ ಶಿವಸಂಚಾರ ತಂಡದ ನಾಟಕಗಳು 1997ರಿಂದ ಊರೂರು ತಿರುಗುತ್ತಿವೆ. ನಿಮ್ಮ ಕಡೆಗೂ ಬಂದಿರಬಹುದು. ಮೊದಲು ಒಂದು ವರ್ಷ ನಾಟಕ ಕಲಿತು, ಆಮೇಲೂ ಆಸೆ ಇದ್ದರೆ ಸಿನಿಮಾಕ್ಕೆ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ. ಸಿನಿಮಾ ತರಗತಿಯ ಫೀಸು ಜಾಸ್ತಿ. ಅಷ್ಟು ಹಣ ಹಾಕುವ ಮೊದಲು ಅವಳಿಗೆ ತನ್ನ ಮನಸ್ಸು ಗೊತ್ತಾಗಿರುತ್ತದೆ.

ಇನ್ನು ಬಿ.ಕಾಂ. ವಿಷಯ. ದಂಡವಾಗುವುದಿಲ್ಲ. ನಮ್ಮ ತಂಡಗಳಲ್ಲಿ ಹಾಡುವವರಿದ್ದಾರೆ, ಕುಣಿಯುವವರಿದ್ದಾರೆ, ಲೆಕ್ಕ ಬರೆಯುವವರು ಸಿಗುವುದಿಲ್ಲ. ಕೇಂದ್ರ ಸಂಸ್ಕೃತಿ ಸಚಿವಾಲಯ ರಂಗತಂಡಗಳಿಗೆ ಕೊಡುವ ಅನುದಾನವೊಂದಿದೆ. ಅದರ ಹೆಸರೇ ಗುರು-ಶಿಷ್ಯ ಪರಂಪರೆ. ಗುರುವಿಗೂ ಶಿಷ್ಯರಿಗೂ ತಿಂಗಳು ತಿಂಗಳು ಇಷ್ಟು ಅಂತ ಅದರಲ್ಲಿ ಸಿಗುತ್ತದೆ. ಆದರೆ ವರ್ಷದ ಕೊನೆಗೆ ಪೈಸೆ ಪೈಸೆಗೂ ಲೆಕ್ಕ ಕೊಡಬೇಕು, ಸಿ.ಎ. ಸಹಿ ಹಾಕಿದ ಹಣ ಬಳಕೆ ಪ್ರಮಾಣಪತ್ರ ಕಳಿಸಬೇಕು. ಇದು ಗೊತ್ತಿಲ್ಲದೆ ಒಳ್ಳೊಳ್ಳೆ ತಂಡಗಳು ಒದ್ದಾಡುವುದನ್ನು ನೋಡಿದ್ದೇನೆ. ನಮ್ಮ ತಂಡದಲ್ಲೂ ಬಿ.ಕಾಂ. ಓದಿದ ಹುಡುಗಿ ಒಬ್ಬಳಿದ್ದಾಳೆ. ಬೆಳಿಗ್ಗೆ ವೋಚರ್ ಬರೆಯುತ್ತಾಳೆ, ಸಂಜೆ ನಮ್ಮ ಹೊಸ ನಾಟಕದಲ್ಲಿ ಮುಖ್ಯ ಪಾತ್ರ ಮಾಡುತ್ತಾಳೆ. ನಿಮ್ಮ ಮಗಳು ಒಪ್ಪಿದರೆ ಒಂದು ದಿನ ಬಂದು ಅವಳ ಜೊತೆ ಮಾತಾಡಲಿ. ಸಂಜೆ ಆರರಿಂದ ಒಂಬತ್ತರವರೆಗೆ ನಮ್ಮ ತಾಲೀಮು ಇರುತ್ತದೆ.